ಮುಖ ಹಚ್ಚದ ಗೊಂಬೆ

ನಮ್ಮ ಬೀದಿಯಲ್ಲಿ ಯಾರಿಗಾದರೂ ಗಾಳಿ ಸೋಕಿತು ಎಂದು ಸುದ್ದಿ ಬಂದರೆ, ನಾನು ಮೊದಲು ಕೇಳುತ್ತಿದ್ದುದು ಅವರು ಬೆಳಿಗ್ಗೆ ಏನು ತಿಂದಿದ್ದರು ಎಂದು. ಖಾಲಿ ಹೊಟ್ಟೆಯಲ್ಲಿ ಬಿಸಿಲಿಗೆ ಹೋದವರಿಗೇ ಗಾಳಿ ಹೆಚ್ಚು ಸೋಕುತ್ತದೆ. ಬಿಸಿ ಮುದ್ದೆ ಉಣ್ಣಿಸಿದರೆ ಅರ್ಧ ಜನಕ್ಕೆ ಬಿಟ್ಟುಹೋಗುತ್ತದೆ. ಮೈಮೇಲೆ ಬರುವವರನ್ನೂ ನಾನು ನಂಬಿದವಳಲ್ಲ, ನಂಬುವವರನ್ನು ಹೀಯಾಳಿಸಿದ್ದೇನೆ. ಈಗ ನಾನು ಬರೆಯುವುದನ್ನು ಓದಿ ನೀವು ನಕ್ಕರೆ ನನಗೆ ಸಿಟ್ಟು ಬರುವುದಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದರೆ ನಾನೂ ನಗುತ್ತಿದ್ದೆ.

ನಾನು ಶಾಲೆಗೆ ಹೋದವಳಲ್ಲ. ಮದುವೆಯಾಗಿ ಹಿರಿಯೂರಿಗೆ ಬಂದು, ತಲೆ ನರೆತ ಮೇಲೆ ವಯಸ್ಕರ ಶಾಲೆಯಲ್ಲಿ ಅಕ್ಷರ ಕಲಿತೆ. ಒತ್ತಕ್ಷರ ಬಂದಲ್ಲಿ ಈಗಲೂ ಎಡವುತ್ತೇನೆ. ಅಚ್ಚು ಹಾಕುವವರು ನನ್ನ ಅಕ್ಷರ ತಿದ್ದಿಕೊಳ್ಳಲಿ, ನಡೆದದ್ದನ್ನು ತಿದ್ದುವುದು ಬೇಡ.

ಮೊದಲು ನಮ್ಮ ಅಕ್ಕನ ವಿಷಯ ಹೇಳಬೇಕು. ನಮ್ಮದು ಧರ್ಮಪುರದ ಕಡೆ ಕುರಿ ಕಾಯುವ ಮನೆ. ಸ್ವಾತಂತ್ರ್ಯ ಬಂದು ಕೆಲವು ವರ್ಷ ಆಗಿತ್ತಂತೆ. ನಮ್ಮ ಕುರಿಗಳಿಗೆ ಅದು ಗೊತ್ತಿರಲಿಲ್ಲ, ನಮಗೂ ಅಷ್ಟಾಗಿ ಗೊತ್ತಿರಲಿಲ್ಲ. ಅವ್ವನಿಗೆ ಮನೆ, ಹೊಲ, ಬಾಣಂತನ ಇಷ್ಟರಲ್ಲೇ ದಿನ ಮುಗಿಯುತ್ತಿತ್ತು. ನನ್ನನ್ನು ಸಾಕಿದ್ದು ಅಕ್ಕ ಕೆಂಚಮ್ಮ. ಅವಳು ಅಪ್ಪನ ಜೊತೆ ಕುರಿ ಹಿಂದೆ ಹೋಗುತ್ತಿದ್ದಳು, ನಾನು ಅವಳ ಹಿಂದೆ ಹೋಗುತ್ತಿದ್ದೆ.

ಅಕ್ಕ ನಡೆಯುತ್ತಲೇ ಉಣ್ಣೆ ನೂಲುತ್ತಿದ್ದಳು. ಎಡಗೈಯಲ್ಲಿ ಹಿಂಜಿದ ಉಣ್ಣೆ, ಬಲಗೈಯಿಂದ ತಿರುವಿ ಬಿಟ್ಟ ಕದಿರು, ಅದು ಮೊಳಕಾಲಿನ ಹತ್ತಿರ ಗಿರಗಿರ ಸುತ್ತುತ್ತಾ ಇಳಿಯುತ್ತಿತ್ತು. ನೂಲು ಕಡಿದರೆ ನಮ್ಮ ಹೆಂಗಸರೆಲ್ಲ ನಿಂತು, ತುದಿಗೆ ಎಂಜಲು ಹಚ್ಚಿ, ಅಂಗೈಯಲ್ಲಿ ಹೊಸೆದು ಸೇರಿಸುತ್ತಾರೆ. ನಾನೂ ಹಾಗೇ ಮಾಡುವುದು. ಅಕ್ಕ ಮಾತ್ರ ನಿಲ್ಲುತ್ತಿರಲಿಲ್ಲ. ಕಡಿದ ಎರಡು ತುದಿಯನ್ನೂ ಎಡಗೆನ್ನೆಗೆ ಒತ್ತಿ ಹಿಡಿದು, ಬೆರಳಿನಿಂದ ಉಜ್ಜಿ, ಹೆಜ್ಜೆ ತಪ್ಪದೆ ಬೆಸೆದುಬಿಡುತ್ತಿದ್ದಳು. ಉಣ್ಣೆಯ ಜಿಡ್ಡಿಗೆ ಆ ಕೆನ್ನೆ ಯಾವಾಗಲೂ ಕಪ್ಪು. "ನಾಳೆ ಗಂಡಿನ ಕಡೇರು ಬಂದ್ರೆ ಬಲಗೆನ್ನೆ ತೋರಿಸ್ಕಂಡು ಕುಂತ್ಕಳೇ, ಎಡಗೆನ್ನೆ ನೋಡಿದ್ರೆ ಎದ್ದು ಹೋಗ್ತಾರೆ" ಎಂದು ಅವ್ವ ಬೈಯುತ್ತಿದ್ದಳು. "ಎದ್ದು ಹೋಗ್ಲಿ ಬಿಡು, ಕುರಿ ಎಣಿಸಿ ಕಳಿಸ್ತೀನಿ, ಒಂದೂ ಹೊಡ್ಕಂಡು ಹೋಗದಂಗೆ" ಎಂದು ಅಕ್ಕ ನಗುತ್ತಿದ್ದಳು.

ಅವಳು ನಿಲ್ಲುತ್ತಿದ್ದುದು ಒಂದಕ್ಕೇ. ನನ್ನ ಕಾಲು ಗಿಡ್ಡ, ಹಿಂದೆ ಬೀಳುತ್ತಿದ್ದೆ. ಆಗ ನಿಂತು, ಹಿಂದಿರುಗಿ ನೋಡಿ, "ಬಾರೇ ಕುಳ್ಳಿ" ಎನ್ನುತ್ತಿದ್ದಳು. ನಾನು ಓಡಿ ಅವಳ ಸೀರೆಯ ಅಂಚು ಮುಟ್ಟಿದ ಮೇಲೇ ಮುಂದಿನ ಹೆಜ್ಜೆ.

ಒಂದು ವರ್ಷ ನನ್ನ ಅಂಗಾಲಿಗೆ ಜಾಲಿ ಮುಳ್ಳು ಹೊಕ್ಕು ಕೀವಾಯಿತು. ನನ್ನನ್ನು ಮನೆಯಲ್ಲೇ ಬಿಟ್ಟು, ಅವರು ಮೇವು ಹುಡುಕಿಕೊಂಡು ಆಂಧ್ರದ ಕಡೆ ಹೊರಟರು. ನಾನು ಕುಂಟಿಕೊಂಡು ಊರ ಬಾಗಿಲತನಕ ಹೋದೆ. ದಾರಿ ತಿರುಗುವಲ್ಲಿ ಅಕ್ಕ ನಿಂತು ಹಿಂದಿರುಗಿ ನೋಡಿದಳು. ನಾನು ಬರಲಾರೆ ಎಂದು ನೆನಪಾಯಿತೋ ಏನೋ, ಸ್ವಲ್ಪ ಹೊತ್ತು ನಿಂತಿದ್ದು ಹೋದಳು. ಅಲ್ಲೆಲ್ಲೋ ಜ್ವರ ಬಂದು ಸತ್ತಳು, ಅಲ್ಲೇ ಮಣ್ಣು ಮಾಡಿದರು. ಅಪ್ಪ ಕುರಿಗಳನ್ನೂ ಅವಳ ಕದಿರನ್ನೂ ತಂದ. ಎಲ್ಲಿ ಮಣ್ಣು ಮಾಡಿದಿರಿ ಎಂದರೆ ಹೊಂಗೆ ಮರದ ಬುಡದಲ್ಲಿ ಎಂದ. ಆ ದಾರಿಯಲ್ಲಿ ಹೊಂಗೆ ಮರಕ್ಕೇನು ಬರವೆ? ಬರಬರುತ್ತಾ ಅಪ್ಪನಿಗೇ ಯಾವ ಮರವೆಂದು ಮರೆತುಹೋಯಿತು.

ನಮ್ಮ ಮನೆಯಲ್ಲಿ ಸತ್ತವರ ಕದಿರನ್ನು ಇನ್ನೊಬ್ಬರು ತಿರುವುವುದಿಲ್ಲ. ಅರ್ಧ ನೂತ ನೂಲಿದ್ದರೆ ಅರ್ಧವೇ ಇರಬೇಕು. ಹಾಗೇ ಸೂರಿಗೆ ಸಿಕ್ಕಿಸಿ ಇಡುತ್ತಾರೆ. ಅವ್ವ ಹೋದ ಮೇಲೆ ಆ ಕದಿರನ್ನು ನಾನು ತಂದು ನನ್ನ ಮನೆಯ ಸೂರಿಗೆ ಸಿಕ್ಕಿಸಿದೆ. ಅಕ್ಕನದೆಂದು ಉಳಿದದ್ದು ಅದೊಂದೇ. ಅವಳ ಫೋಟೋ ಇಲ್ಲ. ಅವಳ ಮುಖವೂ ನನಗೆ ಮರೆತುಹೋಯಿತು. ಕಣ್ಣು ಮುಚ್ಚಿ ಎಷ್ಟೋ ಸಲ ಹುಡುಕಿದ್ದೇನೆ. ಕಪ್ಪು ಕೆನ್ನೆ ಬರುತ್ತದೆ, ನಡಿಗೆ ಬರುತ್ತದೆ, ಮುಖ ಬರುವುದಿಲ್ಲ. ನನಗೆ ಜೀವನದಲ್ಲಿ ಬೇರೆ ಆಸೆ ಹೆಚ್ಚಿರಲಿಲ್ಲ. ಆ ಮುಖ ಒಂದು ಸಲ ಕಾಣಬೇಕು ಅನ್ನುವುದೊಂದಿತ್ತು, ಈಗಲೂ ಇದೆ.

ಇನ್ನು ಶೈಲಾ. ಅವಳು ಹೊಳಲ್ಕೆರೆಯ ಮೇಷ್ಟ್ರ ಮಗಳು, ಚಿತ್ರ ಬರೆಯುವುದನ್ನು ಓದಿಕೊಂಡವಳು. ನನ್ನ ಮನೆಯ ಹಿಂದೆ ಖಾಲಿ ಬಿದ್ದಿದ್ದ ಶೇಂಗಾ ಗೋಡೌನನ್ನು ಬಾಡಿಗೆಗೆ ಹಿಡಿದಳು. ಕಿಟಕಿಗಳಿಗೆಲ್ಲ ಕಪ್ಪು ಬಟ್ಟೆ ಹೊಡೆಸಿದಳು. ಬೀದಿಯವರು ಏನೇನೋ ಆಡಿಕೊಂಡರು. ಒಂದು ದಿನ ಉಣ್ಣೆ ಬೇಕೆಂದು ನನ್ನ ಹತ್ತಿರವೇ ಬಂದಳು, ನಾನು ಆಗಲೂ ನೂಲುತ್ತಿದ್ದೆ.

"ಎಂಥದಕ್ಕವ್ವ ಉಣ್ಣೆ?"

"ಗೊಂಬೆ ಮಾಡಕ್ಕೆ ಅಜ್ಜಿ."

"ಗೊಂಬೆ ಮದುವೆ ಮಾಡೋ ವಯಸ್ಸಾ ನಿಂದು? ನಿನ್ ಮದುವೆ ಮಾಡ್ಕಳೋ ವಯಸ್ಸು."

"ಮೊದ್ಲು ಗೊಂಬೆದು ಆಗ್ಲಿ, ಆಮೇಲೆ ನಂದು. ಬರ್ರಿ ಅಜ್ಜಿ, ತೋರಿಸ್ತೀನಿ."

ಹೋಗಿ ನೋಡಿದೆ. ಮೇಜಿನ ಮೇಲೆ ಬೆಂಡಿನಲ್ಲಿ ಗುಡ್ಡ ಮಾಡಿ, ಮರಳು ಹಾಕಿ, ನಮ್ಮ ಸೀಮೆಯನ್ನೇ ಕೂರಿಸಿದ್ದಳು. ಕುರಿ ಹಿಂದೆ ನಡೆಯುವ ಹೆಂಗಸಿನ ಕಥೆ, ಮಕ್ಕಳಿಗೆ ತೋರಿಸುವ ಗೊಂಬೆ ಸಿನಿಮಾ. ಗೊಂಬೆಯನ್ನು ನಿಲ್ಲಿಸಿ ಒಂದು ಫೋಟೋ ತೆಗೆಯುವುದು. ಕೈಯನ್ನೋ ಕಾಲನ್ನೋ ಎಳ್ಳಿನಷ್ಟು ಸರಿಸಿ ಇನ್ನೊಂದು ತೆಗೆಯುವುದು. ಎಲ್ಲವನ್ನೂ ಕಂಪ್ಯೂಟರಿನಲ್ಲಿ ಸರಸರ ಓಡಿಸಿದರೆ ಗೊಂಬೆ ತಾನೇ ನಡೆದಂತೆ ಕಾಣುತ್ತದೆ. ಇಡೀ ದಿನ ದುಡಿದರೆ ಗೊಂಬೆ ಮೇಜು ದಾಟುವುದು ಕಷ್ಟ. ಇದಕ್ಕಿಂತ ಕುರಿ ಕಾಯುವುದು ಸಲೀಸು ಎಂದೆ. ನಿಜ ಅಜ್ಜಿ ಎಂದಳು.

ಅವಳಿಗೆ ತಲೆನೋವಾಗಿದ್ದುದು ಗೊಂಬೆಯನ್ನು ಯಾವುದರಲ್ಲಿ ಮಾಡುವುದು ಎನ್ನುವುದು. ಕೆರೆಯ ಜೇಡಿಮಣ್ಣು ತಂದು ಮಾಡಿದ್ದಳು, ದೀಪದ ಕಾವಿಗೆ ಮಧ್ಯಾಹ್ನದೊಳಗೆ ಬಿರುಕು ಬಿಡುತ್ತಿತ್ತು. ಮೇಣ ಬೆವರುತ್ತಿತ್ತು. ಸ್ಪಂಜಿನಲ್ಲಿ ಮಾಡಿದರೆ ಬೆರಳು ತೆಗೆದ ಮೇಲೂ ಅದು ನಿಧಾನವಾಗಿ ಉಬ್ಬಿಕೊಳ್ಳುತ್ತಾ ಇರುತ್ತಿತ್ತು, ಫೋಟೋ ತೆಗೆಯುವಷ್ಟರಲ್ಲಿ ಕೈ ಇಟ್ಟಲ್ಲಿ ಇರುತ್ತಿರಲಿಲ್ಲ. "ಇಟ್ಟಂಗೆ ಇರಬೇಕು ಅಜ್ಜಿ, ಬೇಕಾದಾಗ ಬಗ್ಗಬೇಕು. ಎರಡೂ ಒಂದರಲ್ಲಿ ಸಿಗ್ತಿಲ್ಲ" ಎಂದಳು. "ಮನುಷ್ಯರಲ್ಲೇ ಸಿಗಲ್ಲ" ಎಂದೆ.

ಮೈಯೊಳಗಿನ ತಂತಿಯೂ ಅಷ್ಟೇ. ಕಬ್ಬಿಣದ ತಂತಿ ಬಗ್ಗಿಸಿದರೆ ಹಿಂದಕ್ಕೆ ಹೊಡೆಯುತ್ತಿತ್ತು. ಸುಟ್ಟ ಮೋಟಾರಿಗೆ ತಂತಿ ಸುತ್ತುವ ಖಾದರ್ ಸಾಬಿಯ ಅಂಗಡಿ ನಮ್ಮ ಬೀದಿ ತುದಿಯಲ್ಲೇ. ಇಬ್ಬರೂ ಹೋದೆವು.

"ಏನಮ್ಮ, ಮೋಟ್ರು ಸುಟ್ಟೋಯ್ತಾ?" ಎಂದ.

"ಮೋಟ್ರಲ್ಲಪ್ಪ, ಗೊಂಬೆಗೆ ನರ ಬೇಕಂತೆ."

"ಈ ವಯಸ್ಸಲ್ಲಿ ನಂಗೇ ನರ ಸಾಲ್ತಿಲ್ಲ, ಗೊಂಬೆಗೆಲ್ಲಿಂದ ತರ್ಲಿ!" ಎಂದು ನಕ್ಕು, ತಾಮ್ರದ ತಂತಿ ಕೊಟ್ಟ. ಅದು ಮೊದಲು ಚೆನ್ನಾಗಿ ಬಗ್ಗಿತು. ಬಗ್ಗಿಸಿದಷ್ಟೂ ಗಟ್ಟಿಯಾಗುತ್ತಾ ಬಂದು, ನಡಿಗೆಯ ಮಧ್ಯೆ ಮೊಳಕಾಲಲ್ಲಿ ಟಕ್ಕೆಂದು ಮುರಿಯಿತು. ಕೊನೆಗೆ ಹಳೆಯ ಕರೆಂಟು ಲೈನಿನ ಅಲ್ಯೂಮಿನಿಯಂ ತಂತಿಯ ಎಳೆಗಳನ್ನು ಜಡೆಯಂತೆ ಹೆಣೆದಾಗ ಸರಿಹೋಯಿತು. ಅದನ್ನು ಕಂಡುಹಿಡಿದವಳು ಶೈಲಾ. ತಲೆಗೆ ಹಾಲವಾಣದ ಮರ, ಹಗುರ. ಪಾದಕ್ಕೆ ಕಬ್ಬಿಣದ ನಟ್ಟು, ಇಲ್ಲದಿದ್ದರೆ ಬೀಳುತ್ತಿತ್ತು.

ಉಣ್ಣೆಯ ವಿಷಯದಲ್ಲಿ ನಾನು ಹೇಳಿದ್ದು ತಪ್ಪಾಯಿತು. ನಮ್ಮ ಕಂಬಳಿ ಉಣ್ಣೆಗಿಂತ ಒಳ್ಳೆಯದು ಯಾವುದಿದೆ ಎಂದು ಜಂಬದಿಂದ ಕೊಟ್ಟೆ. ಓಡಿಸಿ ನೋಡಿದರೆ ಗೊಂಬೆಯ ಮೈಮೇಲೆ ಇರುವೆ ಹರಿದಂತೆ ಕಾಣುತ್ತಿತ್ತು. ಬೆರಳು ತಾಗಿದಾಗಲೆಲ್ಲ ಉಣ್ಣೆಯ ನವಿರು ಅಲುಗುತ್ತದೆ, ನಮ್ಮ ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಕ್ಕೆ ಕಾಣುತ್ತದೆ. ನಾವು ಕಂಬಳಿಗೆ ಹಚ್ಚುವ ಹುಣಸೆಬೀಜದ ಗಂಜಿಯನ್ನು ತೆಳ್ಳಗೆ ಹಚ್ಚಿದೆವು. ನವಿರು ಕೂತಿತು, ಕಂಬಳಿಯ ಮಡಿಕೆ ಇಟ್ಟಂತೆ ನಿಂತಿತು. ಗೋಡೌನು ತುಂಬಾ ನಮ್ಮ ಹಟ್ಟಿಯ ವಾಸನೆ. ಅವಳು ಮೂಗು ಮುಚ್ಚಿಕೊಂಡಳು, ನಾನು ಸ್ವಲ್ಪ ಹೊತ್ತು ಹೆಚ್ಚಿಗೆ ಕೂತೆ.

ಗೊಂಬೆ ಮೈದುಂಬಿಕೊಂಡಂತೆ ನನ್ನೊಳಗೆ ಒಂದು ದುರಾಸೆ ಹುಟ್ಟಿತು. ಇದು ಅಕ್ಕನಂತೆ ಆಗಲಿ ಎಂದು. ಬಾಯಿ ಬಿಟ್ಟು ಹೇಳಲಿಲ್ಲ. ಸೀರೆಯ ಅಂಚು ಇಷ್ಟು ಮೇಲಿರಲಿ, ಭುಜ ಇಷ್ಟು ಬಾಗಿರಲಿ ಎಂದು ಹೇಳುತ್ತಾ ಹೋದೆ, ಅವಳು ಮಾಡುತ್ತಾ ಹೋದಳು. ನೂಲು ಹೇಗೆ ಹಿಡಿಯುವುದು, ಕಡಿದರೆ ಅಂಗೈಯಲ್ಲಿ ಹೇಗೆ ಹೊಸೆಯುವುದು ಎಲ್ಲ ತೋರಿಸಿದೆ. ಕೆನ್ನೆಯ ವಿಷಯ ಮಾತ್ರ ಹೇಳಲಿಲ್ಲ. ಅದು ಗೊತ್ತಿದ್ದವರಲ್ಲಿ ನಾನೊಬ್ಬಳೇ ಉಳಿದಿದ್ದೆ. ಅದನ್ನು ಹಂಚಲು ಮನಸ್ಸು ಬರಲಿಲ್ಲ, ಅಷ್ಟೆ.

ಗೊಂಬೆಯ ಕೈಗೆ ಕದಿರು ಬೇಕಾಯಿತು. ಕಡ್ಡಿಯದನ್ನು ಮಾಡಿದಳು. ನೂಲು ಯಾವುದು ಕಟ್ಟಿದರೂ ದಪ್ಪ ಕಾಣುತ್ತಿತ್ತು. ಈಗಿನ ನನ್ನ ನೂಲು ಒರಟು, ಕೈ ನಡುಗುತ್ತದೆ. ನಾನು ಮನೆಗೆ ಹೋಗಿ ಸೂರಿನಿಂದ ಅಕ್ಕನ ಕದಿರು ತೆಗೆದು, ಅದರ ನೂಲಿನಲ್ಲಿ ಒಂದು ಗೇಣು ಕತ್ತರಿಸಿಕೊಂಡು ಬಂದೆ. ತಿರುವಬಾರದು ಎಂದಿದ್ದರೇ ಹೊರತು ಕತ್ತರಿಸಬಾರದು ಎಂದು ಯಾರೂ ಹೇಳಿರಲಿಲ್ಲ. ಶೈಲಾ ಬೆಳಕಿಗೆ ಹಿಡಿದು, "ಎಷ್ಟು ಸಣ್ಣಕ್ಕೈತೆ ಅಜ್ಜಿ! ಯಾರು ನೂತಿದ್ದು?" ಎಂದಳು. "ನಮ್ಮ ಕಡೇರು" ಎಂದೆ.

ಉಳಿದದ್ದು ಮುಖ. ಬಿಳಿ ಬಟ್ಟೆ ಸುತ್ತಿದ ಮರದ ಗುಂಡು ಹಾಗೇ ಇತ್ತು. ತೊಗಲೋ, ಸೀರೆ ಬಟ್ಟೆಯೋ, ಕಾಗದ ಅರೆದು ಹಚ್ಚುವುದೋ ಎಂದು ಎಲ್ಲ ತಂದಿಟ್ಟು, "ನಿಮ್ಮ ಮನಸಲ್ಲಿ ಯಾರೋ ಅವ್ರೆ ಅನ್ಸುತ್ತೆ. ಹೆಂಗಿತ್ತು ಮುಖ, ಹೇಳ್ರಿ" ಎಂದಳು. ನಾನು ಗುಂಡನೆಯದು ಎಂದೆ, ಆಮೇಲೆ ಅಲ್ಲ ಉದ್ದ ಎಂದೆ. ಮೂಗು ಹೇಗಿತ್ತೋ ಗೊತ್ತಿರಲಿಲ್ಲ. ತೊಗಲು ಬೇಡ ಎಂದೆ, ಸೀರೆ ಬಟ್ಟೆ ಬೇಡ ಎಂದೆ, ಕಾಗದ ಅಂತೂ ಬೇಡವೇ ಬೇಡ. ಕೊನೆಗೆ, "ನಿನಗೆ ತಿಳಿದಂಗೆ ಮಾಡ್ಕ ಹೋಗು" ಎಂದು ರೇಗಿದೆ. ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ನಾಳೆ ನಡಿಗೆ ಹೇಗೆ ಬರುತ್ತದೆ ಎಂದು ಸುಮ್ಮನೆ ಪರೀಕ್ಷೆ ಮಾಡೋಣ, ಅದಕ್ಕೆ ಮುಖ ಬೇಕಿಲ್ಲ, ಮುಖ ಆಮೇಲೆ ನೋಡೋಣ ಎಂದಳು.

ಮರುದಿನ ಬೆಳಿಗ್ಗೆ ಶುರು ಮಾಡಿದಳು. ಹೊರಗೆ ರಣಬಿಸಿಲು, ಒಳಗೆ ಮೇಜಿನ ಮೇಲಿನ ದೀಪ ಬಿಟ್ಟರೆ ಕತ್ತಲೆ. ಗೊಂಬೆ ಎಲ್ಲೂ ನಿಲ್ಲದೆ ಮೇಜಿನ ಈ ಕಡೆಯಿಂದ ಆ ಕಡೆಗೆ ನಡೆಯಬೇಕು, ಅಷ್ಟೇ. ನನ್ನ ಕೆಲಸ ಗೋಡೆಗೊರಗಿ ಗೋಣಿಚೀಲದ ಮೇಲೆ ಅಲ್ಲಾಡದೆ ಕೂರುವುದು, ಓಡಾಡಿದರೆ ಮೇಜು ಅದುರುತ್ತದೆ ಎಂದಿದ್ದಳು. ಅವಳು ಬಗ್ಗಿ ಗೊಂಬೆಯನ್ನು ಮುಟ್ಟುವಳು, ಹಿಂದೆ ಸರಿಯುವಳು, ಕ್ಯಾಮೆರಾ ಕಟಕ್ಕೆನ್ನುವುದು. ಮತ್ತೆ ಬಗ್ಗುವಳು. ಆ ಕಟಕಟಕ್ಕೆ ನನಗೆ ತೂಕಡಿಕೆಯೂ ಬಂದಿರಬಹುದು, ಬರಲಿಲ್ಲ ಎಂದು ಆಣೆ ಮಾಡುವುದಿಲ್ಲ. ಒಂದು ಸಲ ಅವಳು ನೀರು ಕುಡಿಯಲು ಹೊರಗೆ ಹೋಗಿ ಬಂದಳು. ನಾನು ಏಳಲಿಲ್ಲ. ನನ್ನ ಮಂಡಿಗೆ ಏಳಬೇಕಾದರೆ ಗೋಡೆ, ಕೋಲು, ದೇವರು ಮೂರೂ ಬೇಕು.

ಊಟದ ಹೊತ್ತು ಮೀರಿದ ಮೇಲೆ ಮುಗಿಯಿತು. "ಬರ್ರಿ ಅಜ್ಜಿ, ನೋಡಾಣ" ಎಂದು ನನ್ನನ್ನು ಎಬ್ಬಿಸಿ ಕಂಪ್ಯೂಟರಿನ ಮುಂದೆ ಕೂರಿಸಿದಳು.

ಗೊಂಬೆ ನಡೆಯಿತು. ಮೊದಲ ಹೆಜ್ಜೆಗಳು ಮಗುವಿನಂತಿದ್ದವು, ಶೈಲಾ ಚು ಎಂದಳು. ಆಮೇಲೆ ನೆಟ್ಟಗಾಯಿತು. ಕದಿರು ಇಳಿಯಿತು. ಮೇಜಿನ ಮಧ್ಯೆ ಬಂದಾಗ ಗೊಂಬೆಯ ಕೈ ಮೇಲಕ್ಕೆ ಹೋಯಿತು. ನೂಲನ್ನು ಎಡಗೆನ್ನೆಗೆ ಒತ್ತಿತು. ನಡೆಯುತ್ತಲೇ ಉಜ್ಜಿತು. ಕೈ ಇಳಿಸಿತು. ಆಮೇಲೆ ನಿಂತಿತು. ತಲೆ ಹಿಂದಕ್ಕೆ ತಿರುಗಿತು. ಬರಿಯ ಬಿಳಿ ಬಟ್ಟೆಯ ತಲೆ, ಕಣ್ಣಿಲ್ಲ, ಮೂಗಿಲ್ಲ. ಗೋಡೆಯ ಕಡೆಗೆ ಸ್ವಲ್ಪ ಹೊತ್ತು ನೋಡಿತು. ಆಮೇಲೆ ಮುಂದೆ ತಿರುಗಿ ನಡೆದು ಹೋಯಿತು.

ಶೈಲಾ ನನ್ನ ಕಡೆ ತಿರುಗಿ, "ಅಜ್ಜಿ, ನಾನು ನೀರಿಗೆ ಹೋದಾಗ ನೀವು ಮುಟ್ಟಿದ್ರಾ?" ಎಂದಳು.

"ಮುಟ್ಟಿದ್ರೆ ಎದ್ದಿದ್ದು ಬೀದಿಗೆಲ್ಲ ಕೇಳ್ತಿತ್ತು. ನೀನೇ ಮಾಡಿದೀಯ."

"ನಾನು ನಿಲ್ಲಿಸೇ ಇಲ್ಲ ಅಜ್ಜಿ. ಸುಮ್ನೆ ನಡಿಸಿದ್ದು."

ಈ ಕೆಲಸದ ರೀತಿ ನಿಮಗೆ ಗೊತ್ತಾಯಿತಲ್ಲ. ಗಾಳಿಗೆ ಅಲುಗಿ ಗೊಂಬೆಯ ಕೈ ಕೆನ್ನೆಗೆ ಹೋಗುವುದಿಲ್ಲ. ಒಂದೊಂದು ಫೋಟೋಕ್ಕೂ ಯಾರಾದರೂ ಕೈಯನ್ನು ಎಳ್ಳಿನಷ್ಟು ಎತ್ತಬೇಕು, ಎತ್ತಿ ಹಿಂದೆ ಸರಿಯಬೇಕು. ಅಷ್ಟು ಸಲ ಯಾರು ಎತ್ತಿದರು? ಶೈಲಾ ಫೋಟೋಗಳನ್ನು ಒಂದೊಂದಾಗಿ ತೆಗೆದು ನೋಡಿದಳು. ಯಾವುದರಲ್ಲೂ ಯಾರ ಕೈಯೂ ಇಲ್ಲ, ನೆರಳೂ ಇಲ್ಲ. ಕೊನೆಗೆ, "ನಾನೇ ಮಾಡಿರ್ಬೇಕು. ನಿದ್ದೆ ಸರಿಯಾಗಿಲ್ಲ. ಕೈ ತಾನೇ ಮಾಡಿರುತ್ತೆ, ನೆನಪಿಲ್ಲ" ಎಂದಳು. ಅವಳ ದನಿಯಲ್ಲಿ ಅವಳಿಗೇ ನಂಬಿಕೆ ಇರಲಿಲ್ಲ. ನಾನು ಆಗ ಕೆನ್ನೆಯ ವಿಷಯ ಹೇಳಿದೆ. ಅವಳು ಎದ್ದು ಹೋಗಿ ಕಿಟಕಿಯ ಕಪ್ಪು ಬಟ್ಟೆ ಎಳೆದು ಹಾಕಿ ಬೆಳಕು ಬಿಟ್ಟಳು.

ಗೊಂಬೆಯನ್ನು ಕೈಗೆತ್ತಿಕೊಂಡು ನೋಡಿದೆ. ನೂಲಿನ ಮಧ್ಯೆ ಒಂದು ಕಡೆ ಹೊಸೆದು ಬೆಸೆದ ಗುರುತು ಬೆರಳಿಗೆ ಸಿಕ್ಕಿತು. ಅದರಿಂದ ಏನೂ ತಿಳಿಯುವುದಿಲ್ಲ. ಅಕ್ಕನ ನೂಲಿನಲ್ಲಿ ಅಂಥ ಬೆಸುಗೆ ಎಷ್ಟೋ ಇದ್ದವು. ಬಿಳಿ ಬಟ್ಟೆಯ ಎಡಗಡೆ ಕಪ್ಪು ಜಿಡ್ಡಿತ್ತು. ಅದಕ್ಕೂ ಬೆಲೆ ಕೊಡಬೇಡಿ, ನಮ್ಮಿಬ್ಬರ ಕೈಯೂ ಬೆಳಗಿನಿಂದ ಉಣ್ಣೆಯಲ್ಲೇ ಇತ್ತು.

ಮುಂದಿನ ದಿನಗಳಲ್ಲಿ ಶೈಲಾ ಬೇಕೆಂದೇ ಅದನ್ನು ಮತ್ತೆ ಮಾಡಲು ನೋಡಿದಳು. ನಾನು ಎದುರಿಗೆ ನಿಂತು, ಹೀಗೆ ಒತ್ತುವುದು, ಹೀಗೆ ಉಜ್ಜುವುದು ಎಂದು ತೋರಿಸಿದೆ. ಚೆನ್ನಾಗಿಯೇ ಮಾಡಿದಳು, ಕಸುಬು ಬಲ್ಲವಳು. ಆದರೆ ಅದು ಗೊಂಬೆ ನೂಲು ಬೆಸೆದಂತೆ ಇತ್ತು. ಮೊದಲಿನದು ಹಾಗಿರಲಿಲ್ಲ. ಅವಳೇ, "ಬರ್ತಿಲ್ಲ ಅಜ್ಜಿ, ಬಿಡ್ರಿ" ಎಂದಳು.

ಅವಳ ಸಿನಿಮಾ ಬೇರೆ ಗೊಂಬೆಯಲ್ಲಿ ಮುಗಿಯಿತು, ಅದಕ್ಕೆ ತೊಗಲಿನ ಮುಖ ಹಚ್ಚಿದಳು, ಲಕ್ಷಣವಾಗಿತ್ತು. ಈ ಗೊಂಬೆಯನ್ನು ನನಗೆ ಕೊಟ್ಟಳು. ಇದಕ್ಕೂ ಮುಖ ಮಾಡಿಕೊಡುತ್ತೇನೆ, ಯಾವುದರಲ್ಲಿ ಮಾಡಲಿ ಎಂದು ಕೇಳಿದಳು. ಬೇಡ ಎಂದೆ. ಅದು ಅಕ್ಕನ ಕದಿರಿನ ಪಕ್ಕ ಸೂರಿನಲ್ಲಿದೆ. ಆ ಪರೀಕ್ಷೆಯ ತುಣುಕನ್ನು ಆಮೇಲೆ ನನ್ನ ಫೋನಿಗೆ ಹಾಕಿಸಿಕೊಟ್ಟಳು. ನೋಡಿದಾಗಲೆಲ್ಲ ತಲೆ ತಿರುಗುವ ಜಾಗ ಬಂದಾಗ ನಾನು ಪರದೆಗೆ ಹತ್ತಿರ ಹೋಗುತ್ತೇನೆ. ಬಿಳಿ ಬಟ್ಟೆಯೇ ಕಾಣುತ್ತದೆ. ಪರೀಕ್ಷೆಯ ಹಿಂದಿನ ದಿನ ನಾನು ಅದು ಬೇಡ ಇದು ಬೇಡ ಎನ್ನದೆ ಯಾವುದಾದರೂ ಒಂದನ್ನು ಹಚ್ಚು ಎಂದಿದ್ದರೆ ಏನಾಗುತ್ತಿತ್ತೋ. ಹಚ್ಚಿದ ಮುಖವೇ ಕಾಣುತ್ತಿತ್ತು, ಇನ್ನೇನು, ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಆದರೂ ಅಷ್ಟು ದೂರದಿಂದ ಬಂದವಳು ಮುಖ ತರದೆ ಬಂದಳಲ್ಲ ಎಂದು ಸಂಕಟವಾಗುತ್ತದೆ.

ನಾನು ಈಗಲೂ ಗಾಳಿ, ದೆವ್ವ ನಂಬುವುದಿಲ್ಲ. ಶೈಲಾ ಫೋನು ಮಾಡಿದಾಗ ತಂತಿ ಸಡಿಲವಾಗಿತ್ತು ಅನ್ನುತ್ತಾಳೆ, ಒಂದೊಂದು ಸಲ ನಾನೇ ಮಾಡಿದೆ ಅನ್ನುತ್ತಾಳೆ. ಎರಡೂ ಇರಬಹುದು. ಕೆನ್ನೆಯದನ್ನು ನಾನು ಯಾವಾಗಲೋ ಬಾಯಿ ಜಾರಿ ಹೇಳಿ ಮರೆತಿರಲೂಬಹುದು. ಆದರೆ ಅಕ್ಕ ನೂಲು ಬೆಸೆಯಲು ನಿಲ್ಲುತ್ತಿರಲಿಲ್ಲ. ಬೆಸೆದಾದ ಮೇಲೆ ಗೊಂಬೆ ಯಾಕೆ ನಿಂತಿತು? ಅದು ನೋಡಿದ ಗೋಡೆಯ ಬುಡದಲ್ಲಿ ಗೋಣಿಚೀಲದ ಮೇಲೆ ನಾನು ಕೂತಿದ್ದೆ, ಏಳಲಾರದ ಕಾಲು ಚಾಚಿಕೊಂಡು. ಸ್ವಲ್ಪ ಹೊತ್ತು ಕಾದು, ಇವಳು ಇನ್ನೂ ಬರಲಾರಳು ಎಂದು ಹೋದಂತೆ ಹೋಯಿತು.